ಪಿಕ್ಚರ್ ನೋಡಿ ಮೂರು ದಿನ ಬಿಟ್ಟು

ಮೈಸೂರಿನಲ್ಲಿ ಒಂದು ಕಾಲೇಜಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೊತೆಗೆ ಪೆನ್ನು, ನೋಟ್‌ಬುಕ್, ಗ್ರಾಫ್ ಶೀಟು, ಪರೀಕ್ಷೆ ಟೈಮಲ್ಲಿ ಹಾಲ್ ಟಿಕೆಟ್ ಪ್ರಿಂಟು. ಸಿನಿಮಾ ನನ್ನ ಕಸುಬಲ್ಲ. ಲೆನ್ಸು, ಲೈಟಿಂಗು ಅಂತೆಲ್ಲ ಕೇಳಿದರೆ ನನಗೆ ಗೊತ್ತಿರೋದು ಜೆರಾಕ್ಸ್ ಮೆಷಿನ್ನಿನ ಗಾಜು ಒರೆಸೋದು ಮಾತ್ರ. ಭಾನುವಾರ ಅಂಗಡಿಗೆ ರಜೆ. ಆವತ್ತು ಥಿಯೇಟರೋ, ಮನೆಯ ಟೀವಿಯೋ, ಒಂದು ಪಿಕ್ಚರ್ ಆಗಲೇಬೇಕು.

ಸೋಮವಾರ ಬೆಳಗ್ಗೆ ಹುಡುಗರು ಬಂದು ಕೇಳುತ್ತಾರೆ. "ಏನಂಕಲ್, ನೋಡಿದ್ರಾ? ಹೆಂಗಿದೆ?" ಎರಡು ವರ್ಷದ ಹಿಂದೆ ಒಂದು ಸೋಮವಾರ ನಾನು ದೊಡ್ಡದಾಗಿ, "ಫಸ್ಟ್ ಹಾಫ್ ಚೆನ್ನಾಗಿದೆ ಕಣೋ, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ" ಅಂದೆ. ಅಸೈನ್‌ಮೆಂಟಿಗೆ ಸ್ಪೈರಲ್ ಹಾಕಿಸಲು ಬಂದ ಹುಡುಗ ತಲೆ ಎತ್ತದೆ, "ಅಂಕಲ್, ಅದು ಯೂಟ್ಯೂಬಲ್ಲಿ ಹೇಳಿದ್ದು. ನಿಮಗೆ ಹೆಂಗನ್ನಿಸ್ತು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಇಂಟರ್ವಲ್‌ನಲ್ಲೇ ಫೋನ್ ತೆಗೆದು ಯಾರ್ಯಾರು ಏನೇನು ಹೇಳಿದ್ದಾರೆ ಅಂತ ನೋಡಿದ್ದೆ. ಆಮೇಲಿನ ಅರ್ಧ ಸಿನಿಮಾ ನೋಡಿದ್ದು ಅವರ ಕಣ್ಣಲ್ಲಿ.

ಅಂಗಡಿಯಲ್ಲಿ ಪ್ರತಿ ವರ್ಷ ಒಂದೆರಡು ಡೈರಿ ಮಾರಾಟವಾಗದೆ ಉಳಿಯುತ್ತವೆ. 2024ರ ಫೆಬ್ರುವರಿಯಲ್ಲಿ ಅಂಥದ್ದೊಂದು 2023ರ ಡೈರಿ ಮನೆಗೆ ತಂದೆ. ತಾರೀಖಿಗೂ ವಾರಕ್ಕೂ ತಾಳೆ ಇಲ್ಲ, ಭಾನುವಾರ ನೋಡಿದ ಪಿಕ್ಚರ್ ಬೇರೆ ಯಾವುದೋ ವಾರದ ಪುಟಕ್ಕೆ ಬೀಳುತ್ತದೆ. ಬೀಳಲಿ. ಲೆಕ್ಕ ಇಷ್ಟೇ: ಪಿಕ್ಚರ್ ಮುಗಿದ ಒಂದು ಗಂಟೆಯೊಳಗೆ, ಯಾರ ಹತ್ತಿರವೂ ಮಾತಾಡದೆ, ಫೋನ್ ಮುಟ್ಟದೆ, ನೀಲಿ ಪೆನ್ನಿನಲ್ಲಿ ಹತ್ತು ಸಾಲು ಬರೆಯುವುದು. ಮೂರು ದಿನ ಬಿಟ್ಟು ಅದೇ ಪುಟ ತೆಗೆದು, ನೀಲಿ ಬರಹದ ಮೇಲೆ ಹಳೇ ಕ್ಯಾಲೆಂಡರ್ ಹಾಳೆ ಮುಚ್ಚಿ, ಏನು ನೆನಪಿದೆಯೋ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯುವುದು. ಏನೂ ನೆನಪಿಲ್ಲ ಅಂದರೆ "ಇಲ್ಲ" ಅಂತ ಬರೆಯುವುದು.

"ಯಾರ ಹತ್ತಿರವೂ ಮಾತಾಡದೆ" ಅನ್ನೋದು ಹೇಳೋಕೆ ಸುಲಭ. ಸ್ಕೂಟರಿನ ಹಿಂದೆ ಕೂತ ಹೆಂಡತಿ ಥಿಯೇಟರ್ ಗೇಟಿನಿಂದ ಮನೆ ಗೇಟಿನವರೆಗೆ ಇಡೀ ಕಥೆ ಚರ್ಚೆ ಮಾಡುತ್ತಾಳೆ. ನಾನು "ಹ್ಞೂಂ" ಅನ್ನುತ್ತೇನೆ. ಮೊದಲ ತಿಂಗಳು ಇದರಿಂದ ಮನೆಯಲ್ಲಿ ಸ್ವಲ್ಪ ಬಿಸಿ ಇತ್ತು. ಈಗ ಅವಳೂ ಹತ್ತು ನಿಮಿಷ ಸುಮ್ಮನಿದ್ದು, ನಾನು ಡೈರಿ ಮುಚ್ಚಿದ ತಕ್ಷಣ ಶುರು ಮಾಡುತ್ತಾಳೆ.

ಮೊದಲ ಪುಟದಲ್ಲಿರೋದು ಸಂದೀಪ್ ಸುಂಕದ್ ನಿರ್ದೇಶನದ 'ಶಾಖಾಹಾರಿ'. ಮಲೆನಾಡಿನ ಒಂದು ಊರಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಥಿಯೇಟರಿನಲ್ಲಿ ನಮ್ಮನ್ನೂ ಸೇರಿಸಿ ಹೆಚ್ಚೆಂದರೆ ಇಪ್ಪತ್ತು ಜನ. ನೀಲಿ ಪೆನ್ನಿನಲ್ಲಿ ಬರೆದಿದ್ದೆ: "ನಿಧಾನ. ಪೊಲೀಸ್ ಕಥೆ ಅಷ್ಟು ಗಟ್ಟಿ ಇಲ್ಲ. ರಘು ಪರವಾಗಿಲ್ಲ." ಪರವಾಗಿಲ್ಲ ಅಂತೆ! ಮೂರು ದಿನ ಬಿಟ್ಟು ಕೆಂಪು ಪೆನ್ನು ಹಿಡಿದಾಗ ತಲೆಯಲ್ಲಿದ್ದದ್ದು ಬರೀ ಆ ಮನುಷ್ಯನೇ. ಹೋಟೆಲಿನ ಒಲೆ ಮುಂದೆ ಅವರು ನಿಲ್ಲೋ ರೀತಿ. ಯಾರೋ ಒಳಗೆ ಬಂದರೆ ಮುಖದಲ್ಲಿ ಒಂಚೂರೂ ತೋರಿಸದೆ ಭುಜದಲ್ಲಿ ಮಾತ್ರ ಹೆದರೋದು. ನಾವು ಈ ನಟನನ್ನು ಎಷ್ಟೋ ವರ್ಷ ಕಿರುಚಾಡೋ ಕಾಮಿಡಿ ಪಾತ್ರಗಳಲ್ಲೇ ನೋಡಿ ನಕ್ಕಿದ್ದೇವೆ. ಹೆಸರಿನಲ್ಲೇ ರಂಗಾಯಣ ಇದೆ. 1989ರಲ್ಲಿ ಬಿ.ವಿ. ಕಾರಂತರು ನಮ್ಮೂರಿನಲ್ಲೇ ಕಟ್ಟಿದ ನಾಟಕ ಸಂಸ್ಥೆ ರಂಗಾಯಣ. ಅಲ್ಲಿ ಪಳಗಿದ ಮನುಷ್ಯನಿಗೆ ಸುಮ್ಮನೆ ನಿಲ್ಲೋಕೆ ಬರುತ್ತದೆ ಅಂತ ಮೈಸೂರಿನವನಾದ ನನಗೆ ಹೊಳೆಯೋಕೆ ಇಷ್ಟು ದಿನ ಬೇಕಾಯಿತು. ಕಥೆಯಲ್ಲಿ ಒಂದೆರಡು ಕಡೆ ಪೊಲೀಸರು ತುಂಬಾ ಮೆತ್ತಗೆ ಕೆಲಸ ಮಾಡುತ್ತಾರೆ ಅನ್ನೋ ತಕರಾರು ಈಗಲೂ ಇದೆ. ಆದರೆ ಇಪ್ಪತ್ತು ಜನರಲ್ಲಿ ನಾನೂ ಒಬ್ಬನಾಗಿದ್ದೆ ಅಂತ ಈಗ ಹುಡುಗರ ಮುಂದೆ ಜಂಬದಿಂದ ಹೇಳಿಕೊಳ್ಳುತ್ತೇನೆ.

ಅದೇ ಮೊದಲ ಪುಟದಲ್ಲೇ ಈ ಎರಡು ಪೆನ್ನಿನ ಆಟ ನನಗೆ ಹಿಡಿಸಿಬಿಟ್ಟಿತು.

ಎಲ್ಲ ಸಲವೂ ಹೀಗೇ ಆಗುವುದಿಲ್ಲ. ಮಮ್ಮುಟ್ಟಿಯ 'ಭ್ರಮಯುಗಂ' ವಿಷಯದಲ್ಲಿ ನೀಲಿ ಬರಹ ಹಾಳಾದದ್ದು ನನ್ನಿಂದಲೇ. ಅದನ್ನು ಮಧ್ಯಾಹ್ನ ಮೂರು ಗಂಟೆಗೆ, ಅಂಗಡಿಯಲ್ಲಿ, ಫೋನಿನಲ್ಲಿ ನೋಡಿದೆ. ಇಡೀ ಸಿನಿಮಾ ಕಪ್ಪುಬಿಳುಪು, ಅದರಲ್ಲೂ ಮುಕ್ಕಾಲು ಕಪ್ಪು. ಬಿಸಿಲಿಗೆ ಸ್ಕ್ರೀನಿನಲ್ಲಿ ಕಾಣುತ್ತಿದ್ದದ್ದು ನನ್ನದೇ ಮುಖ. ಪಕ್ಕದಲ್ಲಿ ಮೆಷಿನ್ ಕಟಕಟ. ಮಧ್ಯೆ ಒಬ್ಬಳು ಬಂದು, "ಅಂಕಲ್, ಆಧಾರ್ ಎರಡೂ ಕಡೆ ಒಂದೇ ಶೀಟಲ್ಲಿ" ಅಂದಳು. ನೀಲಿಯಲ್ಲಿ "ಏನೂ ಅರ್ಥ ಆಗಲಿಲ್ಲ" ಅಂತ ಬರೆದೆ. ಅದು ಸಿನಿಮಾದ ತಪ್ಪೇ? ವಾರ ಬಿಟ್ಟು ರಾತ್ರಿ ಲೈಟ್ ಆರಿಸಿ ಟೀವಿಯಲ್ಲಿ ಮತ್ತೆ ಹಾಕಿದೆ. ಸೋರುವ ಹಳೇ ಮನೆ, ನಿಲ್ಲದ ಮಳೆ, ಒಳಗೆ ಮೂರೇ ಜನ, ಮಧ್ಯೆ ಪಗಡೆಯಾಟ. ಮಮ್ಮುಟ್ಟಿ ಆ ನಗು ನಕ್ಕಾಗ ಅಡುಗೆಮನೆ ಲೈಟ್ ಹಾಕಿ ಬಂದೆ, ನೀರು ಕುಡಿಯೋಕೆ ಅಂತ ಹೆಂಡತಿಗೆ ಹೇಳಿದೆ. ಅವತ್ತಿನಿಂದ ಡೈರಿಯಲ್ಲಿ ಎಲ್ಲಿ ನೋಡಿದೆ, ಎಷ್ಟು ಹೊತ್ತಿಗೆ ನೋಡಿದೆ ಅಂತಲೂ ಬರೆಯುತ್ತೇನೆ. ಊಟ ಆಗಿತ್ತೋ ಇಲ್ಲವೋ ಅಂತಲೂ. ನಗಬೇಡಿ, ಹಸಿದುಕೊಂಡು ನೋಡಿದ ಮೂರು ಸಿನಿಮಾಕ್ಕೂ ನಾನು ಬೈದಿದ್ದೇನೆ.

'ಲಾಪತಾ ಲೇಡೀಸ್' ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ನೋಡಿದ್ದಾರೆ. ಅಮ್ಮನಿಗೆ ಹಿಂದಿ ಅರ್ಧಂಬರ್ಧ. ಆದರೂ ಸ್ಟೇಷನ್ನಿನಲ್ಲಿ ಟೀ ಅಂಗಡಿ ಇಟ್ಟುಕೊಂಡ ಆ ಮಂಜು ಮಾಯಿ ಬಂದಾಗಲೆಲ್ಲ ಎದ್ದು ಕೂರುತ್ತಿದ್ದರು. ಗಂಡನ ಕೈ ತಪ್ಪಿ ಕಳೆದುಹೋದ ಹುಡುಗಿ ಅಲ್ಲೇ ಕಲಾಕಂದ್ ಮಾಡಿ ಮಾರಲು ಶುರು ಮಾಡಿದಾಗ, "ಇನ್ನು ಇವಳಿಗೆ ಏನೂ ಆಗಲ್ಲ ಬಿಡು" ಅಂದು ನಿದ್ದೆ ಮಾಡಿಬಿಟ್ಟರು. ಕ್ಲೈಮ್ಯಾಕ್ಸ್ ನೋಡಲೇ ಇಲ್ಲ. ಅವರ ಪಾಲಿಗೆ ಕಥೆ ಅಲ್ಲಿಗೆ ಮುಗಿದಿತ್ತು. ನನ್ನ ಹತ್ತು ಸಾಲಿಗಿಂತ ಅದೇ ಒಳ್ಳೆ ವಿಮರ್ಶೆ ಅನ್ನಿಸಿ ಡೈರಿಯಲ್ಲಿ ಅಮ್ಮನ ಮಾತೊಂದನ್ನೇ ಬರೆದುಕೊಂಡೆ.

'ಸಪ್ತ ಸಾಗರದಾಚೆ ಎಲ್ಲೋ' ಥಿಯೇಟರಿನಲ್ಲಿ ತಪ್ಪಿಹೋಗಿತ್ತು. 2023ರ ಸೆಪ್ಟೆಂಬರಿನಲ್ಲಿ ಸೈಡ್ ಎ, ನವೆಂಬರಿನಲ್ಲಿ ಸೈಡ್ ಬಿ ಬಂದಾಗ ಅಂಗಡಿಯಲ್ಲಿ ಪರೀಕ್ಷೆ ಗಲಾಟೆ. ಹಾಗಾಗಿ ಮನೆಯಲ್ಲಿ ಎರಡು ರಾತ್ರಿ ಬೆನ್ನಿಗೆ ಬೆನ್ನು ನೋಡಿದೆವು. ದುಡ್ಡಿರೋರ ಮನೆಯಲ್ಲಿ ಡ್ರೈವರ್ ಆಗಿರೋ ಮನು, ಒಂದು ಸ್ವಂತ ಮನೆಯ ಆಸೆಗೆ, ಸಾಹುಕಾರರ ಮಗ ಮಾಡಿದ ಆಕ್ಸಿಡೆಂಟನ್ನು ತನ್ನ ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುತ್ತೇವೆ ಅಂದವರು ಬಿಡಿಸುವುದಿಲ್ಲ. ಹೊರಗೆ ಅವನ ಹುಡುಗಿ ಪ್ರಿಯಾ ಅವನಿಗಾಗಿ ಓಡಾಡುತ್ತಾಳೆ.

ಸೈಡ್ ಎ ಮುಗಿದಾಗ ಹೆಂಡತಿ ಅಳುತ್ತಿದ್ದಳು. ನಾನು ಅಳಲಿಲ್ಲ ಅಂತ ಬರೆಯಬೇಕು ಅಂದುಕೊಂಡೆ, ಆದರೆ ಡೈರಿಯಲ್ಲಿ ಇಂಕು ಒಂದು ಕಡೆ ಹರಡಿದೆ. ರಕ್ಷಿತ್ ಶೆಟ್ಟಿ ಚೆನ್ನಾಗಿ ಮಾಡಿದ್ದಾರೆ, ಆದರೆ ಆ ಸಿನಿಮಾ ಪ್ರಿಯಾ ಮಾಡಿದ ರುಕ್ಮಿಣಿ ವಸಂತ್ ಅವರದು. ಜೈಲಿನ ಜಾಲರಿ ಆಚೆ ನಿಂತು ಸುಮ್ನೆ ನಗೋ ಪ್ರಯತ್ನ ಮಾಡುತ್ತಾರಲ್ಲ, ಅದನ್ನು ಯಾವ ಪೆನ್ನಿನಲ್ಲಿ ಬರೆದರೂ ಸಾಲದು. ಚರಣ್ ರಾಜ್ ಸಂಗೀತ ಇನ್ನೊಂದು ತಿಂಗಳು ಅಂಗಡಿಯಲ್ಲಿ ಓಡಿತು. ಸೈಡ್ ಎ ಎಲ್ಲ ನೀಲಿ ಬಣ್ಣ, ಸೈಡ್ ಬಿ ಎಲ್ಲ ಕೆಂಪು. ನನ್ನ ಡೈರಿ ಹಾಗೇ, ಅಂದೆ ಹೆಂಡತಿಗೆ. ಅವಳು ಮೂಗು ಒರೆಸಿಕೊಳ್ಳುತ್ತಾ, "ಈಗ ನಿಮ್ಮ ಡೈರಿ ಸುದ್ದಿ ಬೇಡ" ಅಂದಳು.

ಸೈಡ್ ಬಿ ಬಗ್ಗೆ ನಮ್ಮಿಬ್ಬರಿಗೆ ಜಗಳವೇ ಆಯಿತು. ಜೈಲಿನಿಂದ ಬಂದ ಮನು, ಮದುವೆಯಾಗಿ ಮಗು ಇರೋ ಪ್ರಿಯಾಳ ಬೆನ್ನು ಹತ್ತಿ, ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಸಂಸಾರ ಸರಿ ಮಾಡೋಕೆ ಹೊರಡುತ್ತಾನೆ. ನೀಲಿಯಲ್ಲಿ ನಾನು "ಎಂಥಾ ಪ್ರೀತಿ" ಅಂತ ಬರೆದಿದ್ದೆ. ಅವಳು ಓದಿ, "ಯಾವನೋ ನಮ್ಮ ಮನೆ ಎದುರು ನಿಂತು ದಿನಾ ನನ್ನ ನೋಡ್ತಿದ್ರೆ ನೀವು ಎಂಥಾ ಪ್ರೀತಿ ಅಂತೀರಾ?" ಅಂತ ಕೇಳಿದಳು. ಮೂರನೇ ದಿನ ಕೆಂಪಿನಲ್ಲಿ ಬರೆದದ್ದು ಬೇರೆ. ಮನುಗಿಂತ ಜಾಸ್ತಿ ನೆನಪಲ್ಲಿದ್ದದ್ದು ಚೈತ್ರಾ ಆಚಾರ್ ಮಾಡಿದ ಸುರಭಿ. ಅವಳನ್ನು ಅವನು ಬಳಸಿಕೊಂಡ, ಸಿನಿಮಾನೂ ಸ್ವಲ್ಪ ಬಳಸಿಕೊಂಡಿತು ಅನ್ನಿಸಿತು. ಸೈಡ್ ಎ ಮತ್ತೆ ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಸೈಡ್ ಬಿ ಒಂದು ಸಲ ಸಾಕು.

ಇನ್ನು ಬೈಯುವ ಸರದಿ. 2024ರ ಡಿಸೆಂಬರಿನಲ್ಲಿ ಉಪೇಂದ್ರ ಅವರ 'ಯುಐ' ಬಂತು. ಅವರದೇ 'ಎ' ಸಿನಿಮಾ ಬಂದ 1998ರಲ್ಲಿ ನಾನು ಪಿಯುಸಿ. ಸಿನಿಮಾ ಹಿಂದೆ ಮುಂದೆ ಓಡಿದರೂ ಮೂರು ಸಲ ನೋಡಿ ಜೋಡಿಸಿಕೊಂಡ ಗುಂಪಿನವನು. ಹಾಗಾಗಿ ಮೊದಲ ದಿನವೇ ಹೋದೆ. ಶುರುವಿನಲ್ಲೇ ಪರದೆ ಮೇಲೆ ಬುದ್ಧಿವಂತರು ಎದ್ದು ಹೋಗಿ, ದಡ್ಡರು ಪೂರ್ತಿ ನೋಡಿ ಅನ್ನೋ ಅರ್ಥದ ಸಾಲು. ಥಿಯೇಟರ್ ಪೂರ್ತಿ ವಿಷಲ್. ನಾನೂ ಹೊಡೆದೆ. ಇಂಟರ್ವಲ್ ಹೊತ್ತಿಗೆ ಎದ್ದು ಹೋಗಬೇಕಿತ್ತು ಅನ್ನಿಸತೊಡಗಿತು. ಪ್ರತಿ ಫ್ರೇಮಿಗೂ ಒಂದು ಅರ್ಥ, ಆ ಅರ್ಥಕ್ಕೊಂದು ಒಳಾರ್ಥ. ಕಷ್ಟಪಟ್ಟು ಮಾಡಿದ ಸೆಟ್ಟು, ದೊಡ್ಡ ಯೋಚನೆ, ಎಲ್ಲ ಸರಿ. ಆದರೆ ನಾನು ಯಾರ ಜೊತೆ ಹೋಗಲಿ? ಅಳೋಕೆ, ಹೆದರೋಕೆ ಒಬ್ಬ ಮನುಷ್ಯ ಬೇಕಲ್ಲ. 'ಎ' ಸಿನಿಮಾದಲ್ಲಿ ಎಷ್ಟೇ ಗೊಂದಲವಿದ್ದರೂ ಮಧ್ಯೆ ಒಬ್ಬ ಪ್ರೀತಿಯಲ್ಲಿ ಸೋತವನಿದ್ದ. ನೀಲಿಯಲ್ಲಿ ಒಂದೂವರೆ ಪುಟ ಅರ್ಥ ಬಿಡಿಸಿದ್ದೇನೆ, ಪರೀಕ್ಷೆಯಲ್ಲಿ ಉತ್ತರ ಬರೆದ ಹಾಗೆ. ಕೆಂಪಿನಲ್ಲಿ ಒಂದೇ ಸಾಲು: "ಮೊದಲ ಬೋರ್ಡು ಮಾತ್ರ ನೆನಪಿದೆ." ಹುಡುಗರು ಒಪ್ಪಲಿಲ್ಲ. ಒಬ್ಬ ನನಗೆ ಕೌಂಟರ್ ಮೇಲೆ ಹಾಳೆ ಹಾಕಿ ಚಿತ್ರ ಬಿಡಿಸಿ ವಿವರಿಸಿದ. ಆ ಹಾಳೆ ಚೆನ್ನಾಗಿತ್ತು, ಡೈರಿಯಲ್ಲೇ ಇಟ್ಟಿದ್ದೇನೆ.

ಡೈರಿಯಲ್ಲಿ "ಇಲ್ಲ" ಅಂತ ಕೆಂಪಿನಲ್ಲಿ ಬರೆದಿರೋ ಪುಟಗಳು ಹದಿನಾಲ್ಕಿವೆ. ಹೆಸರು ಬೇಡ. ಹದಿನಾಲ್ಕರಲ್ಲಿ ಒಂಬತ್ತು ಹೆಚ್ಚುಕಮ್ಮಿ ಒಂದೇ ಸಿನಿಮಾ. ಹೀರೋ ಬರೋ ಮೊದಲು ಹತ್ತು ಜನ ಅವನ ಬಗ್ಗೆ ಹೇಳುತ್ತಾರೆ. ಶೂ ತೋರಿಸುತ್ತಾರೆ. ಆಮೇಲೆ ಹೊಗೆ. ಎಲ್ಲ ಕಡೆ ಕತ್ತಲು, ಕಲ್ಲಿದ್ದಲ ಗಣಿಯಲ್ಲಿ ಶೂಟ್ ಮಾಡಿದ ಹಾಗೆ. ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಎಷ್ಟು ಜೋರಂದರೆ ಡೈಲಾಗ್ ಕೇಳೋಲ್ಲ. ಕೊನೆಯಲ್ಲಿ ಎರಡನೇ ಭಾಗಕ್ಕೆ ಒಬ್ಬ ಹೊಸ ವಿಲನ್ ಬೆನ್ನು ತಿರುಗಿಸಿ ಕೂತಿರುತ್ತಾನೆ. ತಮಾಷೆ ಅಂದರೆ ಆ ಒಂಬತ್ತರಲ್ಲಿ ಆರಕ್ಕೆ ನೀಲಿಯಲ್ಲಿ "ಸೂಪರ್" ಅಂತ ಬರೆದಿದ್ದೇನೆ.

ಯಾಕೆ ಹಾಗೆ ಅಂತ ಯೋಚನೆ ಮಾಡಿದೆ. ಒಂದು ಕಾರಣ ಸೌಂಡು. ಅದು ಎದೆಗೆ ಬಡಿದಾಗ ಖುಷಿಯೋ ಗಾಬರಿಯೋ ಗೊತ್ತಾಗಲ್ಲ. ಇನ್ನೊಂದು ಕಾರಣ ದುಡ್ಡು. ಮನೆ ಮಂದಿ ಮೂರು ಜನ ಮಲ್ಟಿಪ್ಲೆಕ್ಸಿಗೆ ಹೋಗಿ, ಪಾಪ್‌ಕಾರ್ನ್ ತಿಂದು, ಪಾರ್ಕಿಂಗ್ ಕೊಟ್ಟು ಬರೋಷ್ಟರಲ್ಲಿ ಒಂದೂವರೆ ಸಾವಿರ ಹೋಗಿರುತ್ತದೆ. ಅಷ್ಟು ಕೊಟ್ಟ ಮೇಲೆ "ಚೆನ್ನಾಗಿಲ್ಲ" ಅನ್ನೋಕೆ ಬಾಯಿ ಬರಲ್ಲ. ಟಿಕೆಟ್ ರೇಟು ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಾಗ ನಾನು ಅಂಗಡಿಯಲ್ಲಿ ಹುಡುಗರಿಗೆ ಲಾಡು ಹಂಚುವುದೊಂದು ಬಾಕಿ. ಅದೇ ತಿಂಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಲಾಡು ತರಲಿಲ್ಲ, ಒಳ್ಳೇದಾಯಿತು.

ಅದಾದ ಮೇಲೆ ಅಕ್ಟೋಬರ್ 2ಕ್ಕೆ ಬಂದದ್ದು 'ಕಾಂತಾರ ಚಾಪ್ಟರ್ 1'. ಹೋಗುವ ಮೊದಲು 2022ರ 'ಕಾಂತಾರ'ವನ್ನು ಮನೆಯಲ್ಲಿ ಮತ್ತೆ ನೋಡಿದೆವು. ಕೊನೆಯ ಇಪ್ಪತ್ತು ನಿಮಿಷಕ್ಕೆ ಈಗಲೂ ಮೈ ಜುಂ ಅಂದಿತು, ಟೀವಿಯಲ್ಲೂ. ಅದರಲ್ಲಿ ಅನುಮಾನ ಇಲ್ಲ. ಆದರೆ ಶಿವ ಲೀಲಾಳ ಸೊಂಟ ಚಿವುಟೋ ದೃಶ್ಯಕ್ಕೆ ಆಗ ಥಿಯೇಟರಿನಲ್ಲಿ ಎಲ್ಲರ ಜೊತೆ ನಾನೂ ನಕ್ಕಿದ್ದೆ. ಈಗ ಮನೆಯಲ್ಲಿ ಅಮ್ಮ, ಹೆಂಡತಿ ಇಬ್ಬರೂ ನಗದೆ ಕೂತಿದ್ದಾಗ ನಾನು ರಿಮೋಟ್ ಎಲ್ಲಿ ಅಂತ ಹುಡುಕಿದೆ.

ಚಾಪ್ಟರ್ 1 ದೊಡ್ಡ ಸಿನಿಮಾ. ರಥದ ದೃಶ್ಯವೊಂದಿದೆ, ಅದಕ್ಕೆ ಕೊಟ್ಟ ದುಡ್ಡು ಅಲ್ಲೇ ವಸೂಲಿ. ಕಾಡನ್ನು ತೋರಿಸಿದ್ದರಲ್ಲಿ ಕೈ ಜಿಪುಣ ಮಾಡಿಲ್ಲ. ರುಕ್ಮಿಣಿ ವಸಂತ್ ಇಲ್ಲೂ ಇದ್ದಾರೆ, ಆದರೆ ಜಾಲರಿ ಆಚೆ ನಿಂತಿದ್ದ ಹುಡುಗಿ ಇವರೇ ಅಂತ ನಂಬೋಕೆ ಟೈಮ್ ಬೇಕು. ಕಾಮಿಡಿ ಮಾತ್ರ ಒಣ ಚಪಾತಿ. ಅಷ್ಟು ಹಳೇ ಕಾಲದ ಜನ ಈಗಿನ ಕಾಲದ ಜೋಕು ಹೊಡೆದರೆ ಕಾಲವೇ ಜಾರಿಹೋಗುತ್ತದೆ. ಮೊದಲನೆಯದರಲ್ಲಿ ಕೋಳಿ ಅಂಕ, ಕಂಬಳ, ಬೇಲಿ ಜಗಳ ಎಲ್ಲ ಪಕ್ಕದ ಮನೆಯ ವಿಷಯ ಅನ್ನಿಸುತ್ತಿತ್ತು. ಇದರಲ್ಲಿ ತಲೆ ಎತ್ತಿ ನೋಡುವುದೇ ಜಾಸ್ತಿ. ಕೆಂಪು ಪೆನ್ನಿನಲ್ಲಿ: "ರಥ. ಆ ಹೆಣ್ಣಿನ ಕಣ್ಣು. ಕುತ್ತಿಗೆ ನೋವು." ಕುತ್ತಿಗೆ ನೋವು ಎರಡನೇ ಸಾಲಿನ ಸೀಟಿನಿಂದ ಬಂದದ್ದು, ಸಿನಿಮಾದಿಂದಲ್ಲ.

ಎರಡೂ ಪೆನ್ನು ಒಪ್ಪಿದ ಸಿನಿಮಾ ಅಂದರೆ 'ಸು ಫ್ರಮ್ ಸೋ'. 2025ರ ಜುಲೈ ಕೊನೆಗೆ ಬಂತು. ಮೊದಲ ಭಾನುವಾರ ಟಿಕೆಟ್ ಸಿಗಲಿಲ್ಲ. ಎರಡನೇ ಭಾನುವಾರ ಅಮ್ಮನನ್ನೂ ಎಬ್ಬಿಸಿ ಕರೆದುಕೊಂಡು ಹೋದೆ. ಅಮ್ಮ ಥಿಯೇಟರಿಗೆ ಬಂದು ವರ್ಷಗಳೇ ಆಗಿದ್ದವು. ಕರಾವಳಿಯ ಒಂದು ಊರು. ಹೋಗಬಾರದ ಕಡೆ ಹೋಗಿ ಸಿಕ್ಕಿಬಿದ್ದ ಹುಡುಗನೊಬ್ಬ ತಪ್ಪಿಸಿಕೊಳ್ಳೋಕೆ ಮೈಮೇಲೆ ಬಂದ ಹಾಗೆ ಆಡುತ್ತಾನೆ. ಊರಿಗೆ ಊರೇ ನಂಬುತ್ತದೆ. ಬಂದಿರೋದು ಸೋಮೇಶ್ವರದ ಸುಲೋಚನ ಅಂತಾಗುತ್ತದೆ. ಜೆ.ಪಿ. ತುಮಿನಾಡ್ ಅವರೇ ಹುಡುಗ, ಅವರೇ ನಿರ್ದೇಶಕ. ದೊಡ್ಡ ಹೆಸರು ಅಂತ ಇರೋದು ರಾಜ್ ಬಿ. ಶೆಟ್ಟಿ ಒಬ್ಬರದೇ, ಅವರು ಬರೋದೂ ಗುರೂಜಿಯಾಗಿ ತಡವಾಗಿ.

ಅಮ್ಮನಿಗೆ ಮಂಗಳೂರು ಕನ್ನಡ ಅರ್ಧ ಹಿಡಿಯಲಿಲ್ಲ. "ಏನಂದ, ಏನಂದ?" ಅಂತ ಕೇಳುತ್ತಿದ್ದರು. ನಾನು ಹೇಳುವಷ್ಟರಲ್ಲಿ ಮುಂದಿನ ಜೋಕು. ಆಮೇಲೆ ಕೇಳೋದು ಬಿಟ್ಟು ಸುಮ್ಮನೆ ನಗತೊಡಗಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು. 'ಭಾವ' ಅನ್ನೋ ಪಾತ್ರ ಬಂದಾಗ ಮಾತ್ರ ಅವರಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಅಂಥ ಒಬ್ಬ ಭಾವ ನಮ್ಮ ಮನೆತನದಲ್ಲೂ ಇದ್ದಾರೆ. ಸಿನಿಮಾದಲ್ಲಿರೋ ರವಿ ಅಣ್ಣನಂಥವನು ಕೂಡ ಯಾವ ಊರಲ್ಲಿಲ್ಲ ಹೇಳಿ? ಮದುವೆ ಮನೆ ಚಪ್ಪರದಿಂದ ಹಿಡಿದು ಆಸ್ಪತ್ರೆವರೆಗೆ ಎಲ್ಲದಕ್ಕೂ ಅವನೇ.

ನೀಲಿಯಲ್ಲಿ "ಹೊಟ್ಟೆ ನೋವು" ಅಂತ ಬರೆದೆ. ಮೂರು ದಿನ ಬಿಟ್ಟು ನೋಡಿದರೆ ಜೋಕುಗಳು ಒಂದೊಂದಾಗಿ ಉದುರಿದ್ದವು, ಆದರೆ ಸುಲೋಚನ ಉಳಿದಿದ್ದಳು. ಎಲ್ಲರೂ ದೆವ್ವ ಅಂತ ಹೆದರಿದ ಹೆಸರಿನ ಹಿಂದೆ ನಿಜವಾಗಿ ಬದುಕಿದ್ದ ಒಬ್ಬ ಹೆಂಗಸು, ಅವಳಿಗೊಬ್ಬಳು ಮಗಳು. ನಗಿಸುತ್ತಲೇ ಆ ಕಡೆ ತಿರುಗಿಸಿದ ಬಗೆ ಇದೆಯಲ್ಲ, ಅದು ಸುಲಭವಲ್ಲ. ಕೊನೆಗೆ ಸ್ವಲ್ಪ ಬುದ್ಧಿ ಹೇಳಲು ಕೂರುತ್ತದೆ ಅನ್ನೋದು ನನ್ನ ಸಣ್ಣ ತಕರಾರು. ಅಮ್ಮ ಅದನ್ನೂ ಒಪ್ಪಲ್ಲ. "ಅಷ್ಟು ನಗಿಸಿದ ಮೇಲೆ ಎರಡು ಮಾತು ಹೇಳಿದ್ರೆ ಏನಾಯ್ತು?"

ಈ ಡೈರಿಯಿಂದ ನಾನು ಎಣಿಸದೇ ಇದ್ದ ಕಡೆ ಹೋದದ್ದು 'ಡೇರ್‌ಡೆವಿಲ್ ಮುಸ್ತಾಫಾ' ನೋಡಿದಾಗ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, ತೇಜಸ್ವಿ ಓದುಗರೇ ಕೈಯಿಂದ ದುಡ್ಡು ಹಾಕಿ ಮಾಡಿದ ಸಿನಿಮಾ. ಕಾಲೇಜು, ಕ್ರಿಕೆಟ್ಟು, ಇಡೀ ತರಗತಿಗೆ ಒಬ್ಬನೇ ಮುಸ್ಲಿಂ ಹುಡುಗ. ಪುಟ ತಿರುಗಿಸಿದ ಹಾಗೆ ಬಣ್ಣ ಬಣ್ಣವಾಗಿ, ಚುರುಕಾಗಿ ಹೋಗುತ್ತದೆ. ನನಗೆ ತುಂಬಾ ಇಷ್ಟವಾಯಿತು. ಆಮೇಲೆ ಮೂಲ ಕಥೆ ಓದೋಣ ಅಂತ 'ಅಬಚೂರಿನ ಪೋಸ್ಟಾಫೀಸು' ತಂದೆ. ಅದೇ ಪುಸ್ತಕದಲ್ಲಿ 'ತಬರನ ಕಥೆ'. ಗಿರೀಶ್ ಕಾಸರವಳ್ಳಿ ಅದನ್ನು ಎಂಬತ್ತರ ದಶಕದಲ್ಲೇ ಸಿನಿಮಾ ಮಾಡಿದ್ದಾರೆ, ಸ್ವರ್ಣಕಮಲ ಬಂದಿದೆ ಅಂತೆಲ್ಲ ಗೊತ್ತಿತ್ತು. ಪ್ರಶಸ್ತಿ ಸಿನಿಮಾ ಅಂದರೆ ಬೋರು ಅಂತ ಇಷ್ಟು ವರ್ಷ ಮುಟ್ಟಿರಲಿಲ್ಲ. ಹೋದ ಭಾನುವಾರ ಮುಟ್ಟಿದೆ.

ಮುನ್ಸಿಪಾಲಿಟಿ ಜವಾನನಾಗಿದ್ದು ರಿಟೈರಾದ ತಬರ ಪೆನ್ಷನ್ನಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಅಷ್ಟೇ ಕಥೆ. ಚಾರುಹಾಸನ್ ಆ ಕೋಟು ಹಾಕಿಕೊಂಡು ನಡೆಯುತ್ತಾರೆ, ಬರೀ ನಡೆಯುತ್ತಾರೆ. ಹೊಗೆಯಿಲ್ಲ, ಎದೆಗೆ ಬಡಿಯೋ ಬಿಜಿಎಂ ಇಲ್ಲ. ನೀಲಿ ಪೆನ್ನು ತೆಗೆದು ಕೂತೆ, ಏನೂ ಬರೆಯೋಕಾಗಲಿಲ್ಲ. ಡೈರಿ ಶುರು ಮಾಡಿದ ಮೇಲೆ ನೀಲಿ ಜಾಗ ಖಾಲಿ ಉಳಿದ ಪುಟ ಅದೊಂದೇ.

ಮಂಗಳವಾರ ಅಂಗಡಿಗೆ ಒಬ್ಬರು ವಯಸ್ಸಾದವರು ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಪೆನ್ಷನ್ ಪುಸ್ತಕ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು. ಇಂಥವರು ನನ್ನ ಅಂಗಡಿಗೆ ವಾರಕ್ಕೆ ನಾಲ್ಕು ಜನ ಬರುತ್ತಾರೆ. ಎಷ್ಟು ಕಾಪಿ ಅಂದೆ. "ಎಷ್ಟು ಕೇಳ್ತಾರೋ ಗೊತ್ತಿಲ್ಲಪ್ಪ. ಹೋದ ಸಲ ಎರಡು ತಗೊಂಡು ಹೋಗಿದ್ದೆ, ವಾಪಸ್ ಕಳಿಸಿದ್ರು. ಮೂರು ಮಾಡಿಬಿಡು." ಐದು ಮಾಡಿ ಕೊಟ್ಟೆ, ಮೂರರದ್ದು ಮಾತ್ರ ದುಡ್ಡು ತಗೊಂಡೆ. ಅವರು ನಾನು ಲೆಕ್ಕ ತಪ್ಪಿದೆ ಅಂದುಕೊಂಡು ಎರಡು ಸಲ ಎಣಿಸಿದರು.

ಬುಧವಾರ ರಾತ್ರಿ ಕೆಂಪು ಪೆನ್ನಿನಲ್ಲಿ ಬರೆದೆ: "ಮೂರು ಕಾಪಿ." ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಏನೋ ಅಂಗಡಿ ಲೆಕ್ಕ ಇರಬೇಕು ಅಂದುಕೊಂಡಿರಬೇಕು. "ಈ ಭಾನುವಾರ ನಗೋ ಪಿಕ್ಚರ್ ಹಾಕು" ಅಂದರು. ಹುಡುಗರನ್ನು ಕೇಳಿದ್ದೇನೆ. ನಾಲ್ಕು ಜನ ನಾಲ್ಕು ಹೆಸರು ಹೇಳಿದ್ದಾರೆ, ಇನ್ನೂ ಟಿಕೆಟ್ ಮಾಡಿಲ್ಲ.